ಲಕ್ಷಣ, ವರ್ಣನೆ ಮತ್ತು ಒಂದು ಕಾಡುಬಳ್ಳಿ: ‘ಆನ್ಸಿಸ್ಟ್ರೊಕ್ಲಾಡಸ್ ಕೊರುಪೆನ್ಸಿಸ್’ ಪ್ರಭೇದದ ನಿರೂಪಣೆಯನ್ನು ಕುರಿತು

ಕನ್ನಡ ಕಾವ್ಯದ ಓದುಗರಿಗೆ ಬಳ್ಳಿ ಅಪರಿಚಿತವಾದುದಲ್ಲ. ಮಹಾಕಾವ್ಯಕ್ಕೆ ವಿಹಿತವಾದ ಅಷ್ಟಾದಶ ವರ್ಣನೆಗಳಲ್ಲಿ ವನ, ವಸಂತ, ಪುಷ್ಪಾಪಚಯಗಳು ಬಂದಲ್ಲೆಲ್ಲ ಲತೆಯೂ ಬರುತ್ತದೆ. ಅದು ಮಾವನ್ನು ಅಪ್ಪುತ್ತದೆ, ಗಾಳಿಗೆ ನಾಚುತ್ತದೆ, ನಾಯಿಕೆಯ ತೋಳಿಗೆ ಉಪಮಾನವಾಗುತ್ತದೆ. ಈ ವರ್ಣನೆಗಳಲ್ಲಿ ಕವಿಗೆ ಮುಖ್ಯವಾದುದು ಬಳ್ಳಿಯ ಸುಕುಮಾರತೆಯೇ ಹೊರತು ಅದು ಯಾವ ಬಳ್ಳಿ ಎಂಬುದಲ್ಲ. ಇದನ್ನು ದೋಷವೆಂದು ಹೇಳುವ ಉದ್ದೇಶ ಇಲ್ಲಿಲ್ಲ. ಕಾವ್ಯದ ವರ್ಣನೆಗೆ ಅದರದೇ ಪ್ರಯೋಜನವಿದೆ. ಆದರೆ ‘ವರ್ಣನೆ’ ಎಂಬ ಪದವನ್ನು ನಮ್ಮ ವಿಭಾಗಗಳಲ್ಲಿ ನಾವು ಕಾವ್ಯಮೀಮಾಂಸೆಯ ಅರ್ಥದಲ್ಲಿ ಮಾತ್ರ ಬಳಸುತ್ತ ಬಂದಿರುವುದರಿಂದ ಅದೇ ಪದಕ್ಕೆ ಇನ್ನೊಂದು ಶಾಸ್ತ್ರದಲ್ಲಿ ಎಷ್ಟು ಭಾರವಿದೆ ಎಂಬುದು ಗಮನಕ್ಕೆ ಬಂದಿಲ್ಲ. ಸಸ್ಯವರ್ಗೀಕರಣ ಶಾಸ್ತ್ರದಲ್ಲಿ ವರ್ಣನೆಯಿಲ್ಲದ ಗಿಡ ಶಾಸ್ತ್ರದ ಮಟ್ಟಿಗೆ ಹೆಸರಿಲ್ಲದ ಗಿಡ. ಕಾಡಿನಲ್ಲಿ ಅದು ಸಾವಿರಾರು ವರ್ಷಗಳಿಂದ ಇದ್ದಿರಬಹುದು, ಸುತ್ತಲಿನ ಜನ ಅದನ್ನು ದಿನವೂ ಕಂಡಿರಬಹುದು. ಮುದ್ರಿತ ವರ್ಣನೆಯೊಂದು ಪ್ರಕಟವಾಗುವವರೆಗೆ ಅದಕ್ಕೆ ಶಾಸ್ತ್ರಮಾನ್ಯವಾದ ಹೆಸರಿರುವುದಿಲ್ಲ.

ಪ್ರಸ್ತುತ ಲೇಖನದಲ್ಲಿ ಅಂಥ ಒಂದು ವರ್ಣನೆಯ ಪ್ರಸಂಗವನ್ನು ಪರಿಶೀಲಿಸಲಾಗಿದೆ. ಮಧ್ಯ ಆಫ್ರಿಕದ ಕ್ಯಾಮರೂನ್ ದೇಶದ ಮಳೆಕಾಡಿನಲ್ಲಿ ದೊರೆತ ‘ಆನ್ಸಿಸ್ಟ್ರೊಕ್ಲಾಡಸ್ ಕೊರುಪೆನ್ಸಿಸ್’ ಎಂಬ ಬಳ್ಳಿಗೆ 1993ರಲ್ಲಿ ಆ ಹೆಸರು ಬಂದಿತು. ಅದಕ್ಕೆ ಮುಂಚಿನ ಕೆಲವು ವರ್ಷ ಅದು ಬೇರೊಂದು ಬಳ್ಳಿಯ ಹೆಸರಿನಲ್ಲಿ ಪ್ರಯೋಗಾಲಯವನ್ನು ಸೇರಿತ್ತು. ಆ ತಪ್ಪು ಹೆಸರಿನಿಂದಾಗಿ ಒಂದು ದೊಡ್ಡ ವೈದ್ಯಕೀಯ ಸಂಶೋಧನೆಯೇ ದಾರಿ ತಪ್ಪಿತು. ಲೇಖಕ ಸಸ್ಯಶಾಸ್ತ್ರದ ವಿದ್ಯಾರ್ಥಿಯಲ್ಲ. ನಮ್ಮ ಶಾಸ್ತ್ರಪರಂಪರೆಯ ‘ಲಕ್ಷಣ’ ಎಂಬ ಪರಿಕಲ್ಪನೆಯ ಬೆಳಕಿನಲ್ಲಿ ಈ ಪ್ರಸಂಗವನ್ನು ಓದಬಹುದೆಂಬ ವಿಶ್ವಾಸದಿಂದ ಈ ವಿವೇಚನೆಗೆ ತೊಡಗಲಾಗಿದೆ.

ಮೊದಲು ಸ್ಥಳದ ಪರಿಚಯ ಅಗತ್ಯ. ಕ್ಯಾಮರೂನಿನ ನೈರುತ್ಯ ಭಾಗದಲ್ಲಿ, ನೈಜೀರಿಯದ ಗಡಿಗೆ ತಾಗಿದಂತೆ ಕೊರುಪ್ ಎಂಬ ಅರಣ್ಯವಿದೆ. ಸುಮಾರು 1,260 ಚದರ ಕಿಲೋಮೀಟರ್ ವಿಸ್ತಾರದ ಈ ಕಾಡು 1986ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಅದರ ದಕ್ಷಿಣ ಭಾಗದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮ ಆಗುಂಬೆಯ ಮಳೆಗಾಲವನ್ನು ಬಲ್ಲವರಿಗೆ ಅಲ್ಲಿಯ ವಾತಾವರಣವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಇಂಥ ಕಾಡಿನಲ್ಲಿ ಬಳ್ಳಿಯೆಂದರೆ ಮಲ್ಲಿಗೆಯ ಹಂಬಲ್ಲ. ಮರದಂತೆಯೇ ಗಟ್ಟಿಯಾದ ಕಾಂಡವುಳ್ಳ, ಬೆಳಕನ್ನು ಅರಸಿ ಮರಗಳ ನೆತ್ತಿಯವರೆಗೆ ಏರುವ ಮರಬಳ್ಳಿ ಅದು. ಆನ್ಸಿಸ್ಟ್ರೊಕ್ಲಾಡಸ್ ಜಾತಿಯ ಬಳ್ಳಿಗಳು ಏರುವುದು ಕೊಕ್ಕೆಗಳಿಂದ. ಕೊಂಬೆಯ ತುದಿ ಬಾಗಿ ಗಟ್ಟಿಯಾದ ಕೊಕ್ಕೆಯಾಗುತ್ತದೆ. ಆ ಕೊಕ್ಕೆ ಪಕ್ಕದ ರೆಂಬೆಯನ್ನು ಹಿಡಿಯುತ್ತದೆ. ಜಾತಿಯ ಹೆಸರಿನ ಅರ್ಥವೂ ಇದೇ: ಗ್ರೀಕಿನಲ್ಲಿ ‘ಆನ್ಕಿಸ್ಟ್ರಾನ್’ ಎಂದರೆ ಮೀನಿನ ಗಾಳ, ‘ಕ್ಲಾಡೊಸ್’ ಎಂದರೆ ಕೊಂಬೆ. ಕನ್ನಡದಲ್ಲಿ ‘ಗಾಳಗೊಂಬೆ’ ಎನ್ನಬಹುದಿತ್ತು. ಆದರೆ ಕೇಳುವವರು ಅದನ್ನು ಆಟಿಕೆಯ ಗೊಂಬೆಯೆಂದು ತಿಳಿಯುವ ಅಪಾಯವಿದೆ.

1986ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಉಷ್ಣವಲಯದ ಸಸ್ಯಗಳನ್ನು ವ್ಯಾಪಕವಾಗಿ ಸಂಗ್ರಹಿಸಿ ಅವುಗಳ ಔಷಧಗುಣವನ್ನು ಪರೀಕ್ಷಿಸುವ ಯೋಜನೆಯೊಂದನ್ನು ಕೈಗೊಂಡಿತು. ಆಫ್ರಿಕದ ಸಂಗ್ರಹಕಾರ್ಯ ಮಿಸೌರಿ ಸಸ್ಯೋದ್ಯಾನದ ಪಾಲಿಗೆ ಬಂದಿತು. ಹೀಗೆ 1987ರಲ್ಲಿ ಕೊರುಪ್ ಕಾಡಿನಿಂದ ತಂದ ಮಾದರಿಗಳಲ್ಲಿ ಕೊಕ್ಕೆಬಳ್ಳಿಯೊಂದರ ಎಲೆಗಳೂ ಇದ್ದವು. ಎಲೆಯ ಸಾರ ಪ್ರಯೋಗಾಲಯದಲ್ಲಿ ಏಡ್ಸ್‌ಕಾರಕವಾದ ಎಚ್‌ಐವಿಯನ್ನು ತಡೆಯಿತು. ಆ ರೋಗಕ್ಕೆ ಪರಿಣಾಮಕಾರಿಯಾದ ಔಷಧಗಳು ಬೆರಳೆಣಿಕೆಯಷ್ಟೂ ಇಲ್ಲದಿದ್ದ ಕಾಲವದು. ಮೈಕೆಲ್ ಬಾಯ್ಡ್ ಅವರ ತಂಡ ಸಾರದಲ್ಲಿದ್ದ ಸಕ್ರಿಯ ಕ್ಷಾರಾಭಗಳನ್ನು ಬೇರ್ಪಡಿಸಿತು. 1991ರಲ್ಲಿ ಪ್ರಕಟವಾದ ಈ ವಸ್ತುಗಳಿಗೆ ಮಿಶೆಲಮೀನ್ ಎಂದು ಹೆಸರಾಯಿತು. ಅವುಗಳಲ್ಲಿ ಮಿಶೆಲಮೀನ್ ‘ಬಿ’ ಮುಖ್ಯವಾದುದು.

ಮುಂದಿನ ಹಂತಕ್ಕೆ ಹೆಚ್ಚು ಎಲೆ ಬೇಕಾಯಿತು. ಯಾವ ಗಿಡದ ಎಲೆ? ಸಂಗ್ರಹವಾದಾಗ ಬಳ್ಳಿಯನ್ನು ತಾತ್ಕಾಲಿಕವಾಗಿ ‘ಆನ್ಸಿಸ್ಟ್ರೊಕ್ಲಾಡಸ್ ಅಬ್ರಿವಿಯೇಟಸ್’ ಎಂದು ಗುರುತಿಸಲಾಗಿತ್ತು. ಅದು ಪಶ್ಚಿಮ ಆಫ್ರಿಕದಲ್ಲಿ ಬೆಳೆಯುವ, ಏರಿ ಷಾ ಎಂಬ ಸಸ್ಯಶಾಸ್ತ್ರಜ್ಞರು ಹಿಂದೆಯೇ ಹೆಸರಿಸಿದ್ದ ಪ್ರಭೇದ. ಅಬ್ರಿವಿಯೇಟಸ್‌ನ ಎಲೆಗಳನ್ನು ತಂದು ಪರೀಕ್ಷಿಸಿದರೆ ಅವುಗಳಲ್ಲಿ ಮಿಶೆಲಮೀನ್ ಇರಲಿಲ್ಲ. ಅದೇ ಜಾತಿಯಲ್ಲಿ ಆಗ ತಿಳಿದಿದ್ದ ಉಳಿದ ಪ್ರಭೇದಗಳನ್ನು ಪರೀಕ್ಷಿಸಿದಾಗಲೂ ಎಚ್‌ಐವಿಯನ್ನು ತಡೆಯುವ ಗುಣ ಕಂಡುಬರಲಿಲ್ಲ. ಔಷಧದ ಅಣುರಚನೆ ತಿಳಿದಿದೆ, ಅದನ್ನು ಕೊಡುವ ಗಿಡ ಯಾವುದೆಂದು ತಿಳಿದಿಲ್ಲ ಎಂಬ ವಿಚಿತ್ರ ಸ್ಥಿತಿ ಒದಗಿತು. ಮರಳಿ ನಡೆದ ಸಸ್ಯಶಾಸ್ತ್ರೀಯ ಅಧ್ಯಯನದಿಂದ ಕೊರುಪ್‌ನ ಬಳ್ಳಿ ಅಬ್ರಿವಿಯೇಟಸ್ ಅಲ್ಲ, ಅದುವರೆಗೆ ಯಾರೂ ವರ್ಣಿಸದ ಪ್ರಭೇದ ಎಂಬುದು ಸ್ಥಿರಪಟ್ಟಿತು. ಡಂಕನ್ ಥಾಮಸ್ ಮತ್ತು ರಾಯ್ ಗೆರೋ ಅವರು ‘ನೋವಾನ್’ ಎಂಬ ಪತ್ರಿಕೆಯಲ್ಲಿ 1993ರಲ್ಲಿ ಅದರ ವರ್ಣನೆಯನ್ನು ಪ್ರಕಟಿಸಿ ‘ಕೊರುಪೆನ್ಸಿಸ್’ ಎಂದು ಹೆಸರಿಟ್ಟರು. ಲ್ಯಾಟಿನ್ನಿನ ‘ಎನ್ಸಿಸ್’ ಸ್ಥಳವಾಚಿಯಾದ ಪ್ರತ್ಯಯ. ‘ಮಲೆನಾಡಿಗ’ ಎಂಬಲ್ಲಿ ನಮ್ಮ ‘ಇಗ’ ಎಂಬ ತದ್ಧಿತ ಮಾಡುವ ಕೆಲಸವನ್ನೇ ಅದು ಮಾಡುತ್ತದೆ.

ಇಲ್ಲಿ ನಡೆದ ತಪ್ಪು ಯಾವ ಸ್ವರೂಪದ್ದು? ತರ್ಕಶಾಸ್ತ್ರದ ಪ್ರಾಥಮಿಕ ಪಾಠವೊಂದನ್ನು ನೆನೆಯಬೇಕು. ವಸ್ತುವೊಂದನ್ನು ಉಳಿದೆಲ್ಲವುಗಳಿಂದ ಬೇರ್ಪಡಿಸುವ ಅಸಾಧಾರಣ ಧರ್ಮವೇ ಅದರ ಲಕ್ಷಣ. ಲಕ್ಷಣಕ್ಕೆ ಮೂರು ದೋಷಗಳು ಬರಬಹುದು. ಕಪಿಲವರ್ಣದ್ದೇ ಗೋವು ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ಕೊಂಬುಳ್ಳದ್ದು ಗೋವು ಎಂದರೆ ಎಮ್ಮೆಯೂ ಒಳಬರುತ್ತದೆ, ಅದು ಅತಿವ್ಯಾಪ್ತಿ. ಒಂಟಿಗೊರಸಿನದು ಗೋವು ಎಂದರೆ ಯಾವ ಹಸುವಿಗೂ ಹೊಂದುವುದಿಲ್ಲ; ಅದು ಅಸಂಭವ. ಗಂಗೆದೊಗಲುಳ್ಳದ್ದು ಎಂದಾಗ ಮಾತ್ರ ಲಕ್ಷಣ ನಿಲ್ಲುತ್ತದೆ. ಎಂ.ಎ. ತರಗತಿಯಲ್ಲಿ ಈ ಉದಾಹರಣೆಗಳನ್ನು ಬಾಯಿಪಾಠ ಮಾಡಿದಾಗ ಎಮ್ಮೆಯನ್ನು ಹಸುವೆಂದು ತಿಳಿಯುವವರು ಯಾರಿದ್ದಾರೆ ಎಂದು ನಾವು ನಕ್ಕದ್ದುಂಟು. ಕೊರುಪ್‌ನಲ್ಲಿ ನಡೆದುದು ಅದೇ. ಕೊಕ್ಕೆಯುಳ್ಳ, ರೆಕ್ಕೆಗಾಯಿಯ ಮರಬಳ್ಳಿ ಎಂದರೆ ಜಾತಿ ತಿಳಿಯಿತು, ಪ್ರಭೇದ ತಿಳಿಯಲಿಲ್ಲ. ಅಬ್ರಿವಿಯೇಟಸ್ ಎಂಬ ಹೆಸರಿನ ವ್ಯಾಪ್ತಿ ತನ್ನದಲ್ಲದ ಗಿಡವನ್ನೂ ಒಳಗೊಂಡಿತು. ಶುದ್ಧವಾದ ಅತಿವ್ಯಾಪ್ತಿ. ಹೊಸ ಪ್ರಭೇದವನ್ನು ವರ್ಣಿಸುವವರು ಹೊಸದೊಂದಕ್ಕೆ ಹೆಸರು ಕೊಡುವುದರ ಜೊತೆಗೆ ಹಳೆಯ ಹೆಸರಿನ ಎಲ್ಲೆಯನ್ನೂ ಕಿರಿದುಗೊಳಿಸುತ್ತಾರೆ ಎಂಬುದು ಈ ಪ್ರಸಂಗದಿಂದ ಸ್ಪಷ್ಟವಾಗುತ್ತದೆ. ಇವೆರಡರಲ್ಲಿ ಎರಡನೆಯದೇ ಹೆಚ್ಚು ಕಷ್ಟದ ಕೆಲಸವೆಂದು ಲೇಖಕನ ಭಾವನೆ.

ಅವ್ಯಾಪ್ತಿಯ ಅಪಾಯವೂ ಈ ಬಳ್ಳಿಗಳಲ್ಲಿ ಕಡಿಮೆಯಿಲ್ಲ. ಇವುಗಳ ಬಾಳಿನಲ್ಲಿ ಎರಡು ಅವಸ್ಥೆಗಳಿವೆ. ಎಳೆಯ ಗಿಡ ಯಾವ ಆಧಾರವೂ ಇಲ್ಲದೆ ನೆಟ್ಟಗೆ ನಿಲ್ಲುತ್ತದೆ. ಅದಕ್ಕೆ ಕೊಕ್ಕೆಯೇ ಇರುವುದಿಲ್ಲ. ಮುಂದೆ ಅದು ಬಳ್ಳಿಯಾಗಿ ಮೇಲೇರುತ್ತದೆ, ಹೂ ಬಿಡುವುದು ಆ ಬಳಿಕ. ಎಳೆಯ ಗಿಡವನ್ನಷ್ಟೇ ಕಂಡು ಬರೆದ ಲಕ್ಷಣ ಬಲಿತ ಬಳ್ಳಿಗೆ ಹೊಂದುವುದಿಲ್ಲ. ಹೂವಾದರೋ ಮರಗಳ ನೆತ್ತಿಯಲ್ಲಿ, ಕೈಗೆ ನಿಲುಕದ ಎತ್ತರದಲ್ಲಿರುತ್ತದೆ. ಎಲೆಯಿಂದಲೇ ಗುರುತಿಸುವ ಅನಿವಾರ್ಯತೆಯಲ್ಲಿ ತಪ್ಪುಗಳಾಗುವುದು ಸಹಜ. ಮೊದಲ ಸಂಗ್ರಹಕಾರರನ್ನು ದೂಷಿಸುವುದು ಸುಲಭ. ಅವರು ‘ತಾತ್ಕಾಲಿಕವಾಗಿ’ ಎಂದೇ ಹೇಳಿದ್ದರೆಂಬುದನ್ನು ಮರೆಯಬಾರದು.

ಪ್ರಭೇದವರ್ಣನೆಯೊಂದರ ಅಂಗಗಳನ್ನು ಗಮನಿಸಿದರೆ ಕನ್ನಡ ವಿದ್ಯಾರ್ಥಿಗೆ ಪರಿಚಿತವಾದ ಗ್ರಂಥರಚನೆಯೊಂದು ನೆನಪಾಗುತ್ತದೆ. ಮೊದಲು ಈ ಪ್ರಭೇದವನ್ನು ಹತ್ತಿರದ ಇತರ ಪ್ರಭೇದಗಳಿಂದ ಬೇರ್ಪಡಿಸುವ ಅತಿಸಂಕ್ಷಿಪ್ತ ಲಕ್ಷಣವಾಕ್ಯ. ಬಳಿಕ ಕಾಂಡ, ಎಲೆ, ಹೂಗೊಂಚಲು, ಹೂ, ಕಾಯಿ ಎಂಬ ಕ್ರಮದಲ್ಲಿ ಅಳತೆಗಳೊಡನೆ ಸಾಗುವ ವಿಸ್ತಾರವಾದ ವಿವರಣೆ. ಕೊನೆಗೆ ಎಲ್ಲಿ, ಯಾವಾಗ, ಯಾರು ಸಂಗ್ರಹಿಸಿದ ಯಾವ ಸಂಖ್ಯೆಯ ಒಣಮಾದರಿಯ ಮೇಲೆ ಈ ಹೆಸರು ನಿಂತಿದೆ ಎಂಬ ನಿರ್ದೇಶನ. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸೂತ್ರ, ವೃತ್ತಿ, ಪ್ರಯೋಗಗಳು ಇರುವ ಕ್ರಮವೇ ಇದು. ಕೇಶಿರಾಜ ಪೂರ್ವಕವಿಗಳ ಪ್ರಯೋಗವನ್ನು ಉದಾಹರಿಸುವ ಮೂಲಕ ತನ್ನ ಸೂತ್ರವನ್ನು ಪರೀಕ್ಷೆಗೆ ಒಡ್ಡುತ್ತಾನೆ. ಸಸ್ಯಶಾಸ್ತ್ರಜ್ಞ ಒಣಮಾದರಿಯನ್ನು ಸಸ್ಯಸಂಗ್ರಹಾಲಯದಲ್ಲಿ ಇರಿಸುವ ಮೂಲಕ ತನ್ನ ಲಕ್ಷಣವಾಕ್ಯವನ್ನು ಪರೀಕ್ಷೆಗೆ ಒಡ್ಡುತ್ತಾನೆ. ಮುಂದೆ ಯಾರಿಗೆ ಸಂದೇಹ ಬಂದರೂ ಆ ಹಾಳೆಯನ್ನು ತೆರೆದು ನೋಡಬಹುದು. 1958ರ ಜನವರಿಯಿಂದೀಚೆಗೆ ಇಂಥ ಮೂಲಮಾದರಿಯನ್ನು ಸೂಚಿಸದೆ ಹೊಸ ಪ್ರಭೇದದ ಹೆಸರು ಸಿಂಧುವಾಗುವುದಿಲ್ಲ. ಸಾಮ್ಯಕ್ಕೆ ಮಿತಿಯೂ ಇದೆ: ಪ್ರಯೋಗಗಳು ಅನೇಕ ಇರಬಹುದು, ಹೆಸರನ್ನು ಹೊರುವ ಮೂಲಮಾದರಿ ಒಂದೇ. ಆ ದೃಷ್ಟಿಯಿಂದ ಗ್ರಂಥಸಂಪಾದನೆಯ ಮೂಲಪ್ರತಿಗೆ ಅದು ಹೆಚ್ಚು ಹತ್ತಿರ.

ಸಂಕ್ಷೇಪದ ಬಗೆಗೂ ಒಂದು ಮಾತು. 1753ರಲ್ಲಿ ಲಿನೇಯಸ್ ಎರಡು ಪದಗಳ ಹೆಸರನ್ನು ವ್ಯವಸ್ಥಿತವಾಗಿ ಬಳಕೆಗೆ ತರುವ ಮುಂಚೆ ಗಿಡದ ಹೆಸರೂ ಲಕ್ಷಣವೂ ಒಂದೇ ಆಗಿದ್ದವು. ಒಂದು ಪದಪುಂಜವೇ ಹೆಸರಾಗಿರುತ್ತಿತ್ತು. ಆ ಪದಪುಂಜ ಹನ್ನೆರಡು ಪದಗಳನ್ನು ಮೀರಬಾರದೆಂದು ಲಿನೇಯಸ್ ವಿಧಿಸಿದ್ದನು. ಅಲ್ಪಾಕ್ಷರತೆ ಸೂತ್ರದ ಮೊದಲ ಗುಣವೆಂದು ಬಲ್ಲ ನಮಗೆ ಈ ವಿಧಿ ಹೊಸದೆನಿಸುವುದಿಲ್ಲ.

ಲಕ್ಷಣವಿಲ್ಲದೆ ಹೆಸರನ್ನು ಮಾತ್ರ ಹೇಳಿದರೆ ಏನಾಗುತ್ತದೆ? ಸಸ್ಯಶಾಸ್ತ್ರಜ್ಞರು ಅಂಥ ಹೆಸರನ್ನು ‘ಬತ್ತಲೆ ಹೆಸರು’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಕರೆದು ಪಕ್ಕಕ್ಕಿಡುತ್ತಾರೆ. ಇದಕ್ಕೆ ಉದಾಹರಣೆ ನಮ್ಮ ಸಹ್ಯಾದ್ರಿಯಲ್ಲೇ ಇದೆ. ಕೊರುಪೆನ್ಸಿಸ್‌ನ ದಾಯಾದಿಯೊಂದು ಮಹಾರಾಷ್ಟ್ರದಿಂದ ಗೋವ, ಕರ್ನಾಟಕಗಳ ಮೂಲಕ ಕೇರಳದವರೆಗೆ ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಳೆಯುತ್ತದೆ. ಅದರ ಹೆಸರು ‘ಆನ್ಸಿಸ್ಟ್ರೊಕ್ಲಾಡಸ್ ಹೈನಿಯಾನಸ್’. ವಾಲಿಕ್ ತನ್ನ ಪಟ್ಟಿಯಲ್ಲಿ ಈ ಹೆಸರನ್ನು ಲಕ್ಷಣವಿಲ್ಲದೆ ನಮೂದಿಸಿದ್ದನು. 1839ರಲ್ಲಿ ಮುಂಬಯಿಯ ಸಸ್ಯಗಳನ್ನು ಕುರಿತ ಗ್ರೇಅಮ್‌ನ ಗ್ರಂಥದಲ್ಲಿ ಅದು ಸಿಂಧುವಾಯಿತು. ಇಂದಿಗೂ ಶಾಸ್ತ್ರಗ್ರಂಥಗಳಲ್ಲಿ ಈ ಬಳ್ಳಿಯ ಹೆಸರಿನ ಮುಂದೆ ಇಬ್ಬರ ಹೆಸರೂ ಇರುತ್ತವೆ. ಹೈನಿಯಾನಸ್ ಎಂಬುದು ಬೆಂಜಮಿನ್ ಹೈನಿಯ ಸ್ಮರಣೆ. ತರಂಗಂಬಾಡಿಗೆ ಮೊರೇವಿಯನ್ ಮಿಷನರಿಯಾಗಿ ಬಂದ ಈತ ಶ್ರೀರಂಗಪಟ್ಟಣದ ಪತನದ ಬಳಿಕ ಕಾಲಿನ್ ಮೆಕೆಂಜಿಯ ಮೈಸೂರು ಸರ್ವೇಕ್ಷಣೆಯಲ್ಲಿ ಸಸ್ಯಶಾಸ್ತ್ರಜ್ಞನಾಗಿದ್ದನು. ಬೆಂಗಳೂರಿನ ಲಾಲ್‌ಬಾಗ್ 1800ರ ಸುಮಾರಿಗೆ ಈತನ ಉಸ್ತುವಾರಿಗೆ ಬಂದಿತ್ತು. ಮೆಕೆಂಜಿಯ ಕೈಫಿಯತ್ತುಗಳನ್ನು ಬಳಸುವ ನಾವು ಅದೇ ಸರ್ವೇಕ್ಷಣೆಯ ಸಸ್ಯಭಾಗದತ್ತ ಅಷ್ಟಾಗಿ ಗಮನ ಹರಿಸಿಲ್ಲ.

ಹೈನಿಯಾನಸ್‌ನ ಮಹತ್ವ ಹೆಸರಿನಲ್ಲಷ್ಟೇ ಇಲ್ಲ. 1970ರ ದಶಕದ ಆರಂಭದಲ್ಲಿ ಟಿ.ಆರ್. ಗೋವಿಂದಾಚಾರಿಯವರು ಈ ಬಳ್ಳಿಯಿಂದ ಆನ್ಸಿಸ್ಟ್ರೊಕ್ಲಾಡಿನ್ ಎಂಬ ಕ್ಷಾರಾಭವನ್ನು ಬೇರ್ಪಡಿಸಿದರು. ಅದುವರೆಗೆ ಕಾಣದ ಬಗೆಯ ರಚನೆ ಅದರದು. ಕೊರುಪ್‌ನ ಮಿಶೆಲಮೀನ್‌ಗಳೂ ಆ ವರ್ಗಕ್ಕೇ ಸೇರುತ್ತವೆ. ಅಂಥ ಎರಡು ಅಣುಗಳು ಜೋಡಿಯಾದಾಗ ಮಿಶೆಲಮೀನ್ ಆಗುತ್ತದೆ. ಗೋವಿಂದಾಚಾರಿಯವರು ಮುಂಬಯಿಯ ಸೀಬಾ ಸಂಶೋಧನ ಕೇಂದ್ರಕ್ಕೆ ಹೋಗುವ ಮುನ್ನ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದರು. ‘ಹಸುರು ಹೊನ್ನು’ ಬರೆದ ಬಿ.ಜಿ.ಎಲ್. ಸ್ವಾಮಿಯವರೂ 1950ರ ದಶಕದಲ್ಲಿ ಅದೇ ಕಾಲೇಜಿನ ಸಸ್ಯಶಾಸ್ತ್ರ ಪ್ರಾಧ್ಯಾಪಕರು. ಹಾರ್ವರ್ಡಿನ ತಮ್ಮ ಗುರು ಇರ್ವಿಂಗ್ ಬೈಲಿಯವರ ಹೆಸರನ್ನು ಹೊತ್ತ ‘ಸಾರ್ಕ್ಯಾಂಡ್ರ ಇರ್ವಿಂಗ್‌ಬೈಲಿಯೈ’ ಎಂಬ ಪ್ರಭೇದವನ್ನು ಶಾಸ್ತ್ರಕ್ಕೆ ಕೊಟ್ಟವರು ಸ್ವಾಮಿಯವರು. ಕನ್ನಡದ ಗದ್ಯಲೇಖಕರಲ್ಲಿ ಲಕ್ಷಣ ಹೇಳುವ ಈ ಶಿಸ್ತನ್ನು ಕೈಯಾರೆ ಬಲ್ಲವರಾಗಿದ್ದ ಅವರ ವಿನೋದದ ಹಿಂದೆಯೂ ಆ ಶಿಸ್ತೇ ಇದೆ. ಅವರನ್ನು ಹಾಸ್ಯಲೇಖಕರೆಂದಷ್ಟೇ ಪಾಠ ಹೇಳುವುದು ಅನ್ಯಾಯ.

ಇನ್ನು ವರ್ಣನೆಯ ಭಾಷೆಯ ವಿಚಾರ. 1935ರ ಜನವರಿಯಿಂದ 2011ರ ಡಿಸೆಂಬರ್ ಕೊನೆಯವರೆಗೆ ಹೊಸ ಸಸ್ಯಪ್ರಭೇದದ ಲಕ್ಷಣವನ್ನು ಅಥವಾ ವರ್ಣನೆಯನ್ನು ಲ್ಯಾಟಿನ್ನಿನಲ್ಲಿ ಕೊಡುವುದು ಕಡ್ಡಾಯವಾಗಿತ್ತು. ಆದ್ದರಿಂದ ಕೊರುಪೆನ್ಸಿಸ್ ಶಾಸ್ತ್ರವನ್ನು ಪ್ರವೇಶಿಸಿದುದೂ ಲ್ಯಾಟಿನ್ನಿನ ಮೂಲಕವೇ. 2011ರ ಮೆಲ್ಬೋರ್ನ್ ಸಮ್ಮೇಳನದ ತೀರ್ಮಾನದಂತೆ 2012ರಿಂದ ಇಂಗ್ಲಿಷಿಗೂ ಅವಕಾಶ ದೊರೆಯಿತು, ಬೇರೆ ಭಾಷೆಗಳಿಗಲ್ಲ. ಈ ಲ್ಯಾಟಿನ್ ವರ್ಜಿಲ್ಲನ ಭಾಷೆಯಲ್ಲ. 1966ರಲ್ಲಿ ವಿಲಿಯಂ ಸ್ಟರ್ನ್ ಅದಕ್ಕೆಂದೇ ಒಂದು ವ್ಯಾಕರಣಗ್ರಂಥವನ್ನು ಬರೆಯಬೇಕಾಯಿತು. ಇದರ ವಾಕ್ಯಗಳಲ್ಲಿ ಕ್ರಿಯಾಪದವಿರುವುದಿಲ್ಲ. ವಿವರಣೆ ಪ್ರಥಮಾ ವಿಭಕ್ತಿಯಲ್ಲಿ ಸಾಗುತ್ತದೆ. ಭೇದಕ ಲಕ್ಷಣಗಳನ್ನು ಹೇಳುವಾಗ ‘ಇಂಥ ಎಲೆಯಿಂದ, ಇಂಥ ಕಾಯಿಯಿಂದ ಬೇರೆಯಾದುದು’ ಎಂಬ ಅರ್ಥ ಬರುವಂತೆ ಪಂಚಮಿಯ ಬಳಕೆ ಹೆಚ್ಚು. ಇಂಗ್ಲಿಷಿನಲ್ಲಿ ಕ್ರಿಯಾಪದ ಬಿಟ್ಟ ವಾಕ್ಯ ತಂತಿಸಂದೇಶದಂತೆ ಕೇಳಿಸುತ್ತದೆ. ಕನ್ನಡಕ್ಕೆ ಆ ಕಷ್ಟವಿಲ್ಲ. ‘ಎಲೆ ಹಸುರು, ಕಾಯಿ ಗುಂಡು’ ಎಂಬುದು ನಮ್ಮಲ್ಲಿ ಪೂರ್ಣವಾಕ್ಯ, ನಾಮಪದವೇ ಆಖ್ಯಾತವಾಗಬಲ್ಲದು. ಈ ಗುಣ ಲಕ್ಷಣರಚನೆಗೆ ಎಷ್ಟು ಅನುಕೂಲ ಎಂಬುದನ್ನು ಆನ್ಸಿಸ್ಟ್ರೊಕ್ಲಾಡಸ್ ಜಾತಿಯ ಸಾಮಾನ್ಯ ಲಕ್ಷಣವನ್ನು ಕನ್ನಡದಲ್ಲಿ ಬರೆದು ಪರೀಕ್ಷಿಸಬಹುದು:

ಮರಬಳ್ಳಿ, ಎಳವೆಯಲ್ಲಿ ನೆಟ್ಟಗಿನದು, ಬಲಿತಾಗ ಏರುವಂಥದು. ಕೊಂಬೆಯ ತುದಿ ಬಾಗಿದ ಕೊಕ್ಕೆ. ಎಲೆ ಸರಳ, ಪರ್ಯಾಯ, ಕೊಂಬೆಯ ತುದಿಯತ್ತ ಗುಂಪುಗೂಡಿದ್ದು. ಮೈಮೇಲೆ ಸಣ್ಣ ಕುಳಿಗಳು. ಹೂ ಚಿಕ್ಕದು, ದ್ವಿಲಿಂಗಿ. ಪುಷ್ಪಪತ್ರ ಐದು, ಅಸಮ, ಕಾಯಿ ಬಲಿತಂತೆ ಹಿಗ್ಗಿ ರೆಕ್ಕೆಯಾಗುವಂಥವು. ದಳ ಐದು. ಕೇಸರ ಸಾಮಾನ್ಯವಾಗಿ ಹತ್ತು. ಅಂಡಾಶಯ ಒಂದೇ ಕೋಣೆಯದು, ಅಂಡಕ ಒಂದು. ಕಾಯಿ ಒಡೆಯದ್ದು, ಒಂಟಿಬೀಜದ್ದು, ರೆಕ್ಕೆಯುಳ್ಳದ್ದು.

ಈ ಭಾಗದಲ್ಲಿ ಒಂದೂ ಪೂರ್ಣ ಕ್ರಿಯಾಪದವಿಲ್ಲ. ಆದರೂ ವಾಕ್ಯ ಕುಂಟುವುದಿಲ್ಲ. ತೊಡಕು ಬರುವುದು ಪಾರಿಭಾಷಿಕ ಪದಗಳಲ್ಲಿ. ಜಾತಿ, ಕುಲ, ಪ್ರಭೇದ ಎಂಬ ಮೂರು ಪದಗಳನ್ನು ನಮ್ಮ ಲೇಖಕರು ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಬಳಸಿರುವುದರಿಂದ ಹೊಸ ಓದುಗನಿಗೆ ದಿಕ್ಕು ತಪ್ಪುತ್ತದೆ. ವಿಷವೈದ್ಯಕ್ಕೆಂದೇ ಖಗೇಂದ್ರಮಣಿದರ್ಪಣವನ್ನು ಬರೆದ ಒಂದನೆಯ ಮಂಗರಾಜ ಹದಿನಾಲ್ಕನೆಯ ಶತಮಾನದಲ್ಲೇ ಸ್ಥಾವರವಿಷಗಳನ್ನು ಕನ್ನಡದಲ್ಲಿ ನಿರೂಪಿಸಿದ್ದನು. ಅಲ್ಲಿಯ ಸಸ್ಯನಾಮಗಳನ್ನು ಇಂದಿನ ಪ್ರಭೇದಗಳೊಡನೆ ಹೊಂದಿಸುವಾಗಲೂ ಎದುರಾಗುವುದು ಇದೇ ಅತಿವ್ಯಾಪ್ತಿಯ ಸಮಸ್ಯೆ. ನಿಘಂಟಿನಲ್ಲಿ ‘ಒಂದು ಬಗೆಯ ಬಳ್ಳಿ’ ಎಂದು ಅರ್ಥ ಬರೆದು ಮುಂದೆ ಸಾಗುವ ನಮ್ಮ ರೂಢಿಯನ್ನು ಈ ದೃಷ್ಟಿಯಿಂದ ಮತ್ತೆ ನೋಡಬೇಕಾಗಿದೆ. ಔಷಧಗ್ರಂಥದಲ್ಲಿ ‘ಒಂದು ಬಗೆಯ’ ಎಂಬ ಮಾತಿಗೆ ಬೆಲೆ ತೆರುವವನು ರೋಗಿ.

ಕೊರುಪೆನ್ಸಿಸ್‌ನ ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಹೆಸರು ಸ್ಥಿರವಾದ ಮೇಲೆ ಬಳ್ಳಿ ಕೊರುಪ್ ಮತ್ತು ಅದರ ಆಸುಪಾಸಿಗೆ ಸೀಮಿತವಾದುದೆಂದು ಕಂಡುಬಂದಿತು. ಔಷಧಕ್ಕಾಗಿ ಬಳ್ಳಿಗಳನ್ನು ಕಡಿದಿದ್ದರೆ ಅದರ ಉಳಿವೇ ಸಂಶಯವಾಗುತ್ತಿತ್ತು. ಆದರೆ ನೆಲಕ್ಕೆ ಬಿದ್ದ ತರಗೆಲೆಯಲ್ಲೂ ಮಿಶೆಲಮೀನ್ ‘ಬಿ’ ಇರುವುದು ಪತ್ತೆಯಾದುದರಿಂದ ತರಗೆಲೆಯನ್ನು ಆಯ್ದೇ ಪ್ರಾಯೋಗಿಕ ಹಂತದ ಅಗತ್ಯವನ್ನು ಪೂರೈಸಲಾಯಿತು. ಬಳ್ಳಿಯನ್ನು ಬೆಳೆಸುವ ಪ್ರಯತ್ನದಲ್ಲಿ ಯವುಂಡೆ ವಿಶ್ವವಿದ್ಯಾನಿಲಯವೂ ಪಾಲ್ಗೊಂಡಿತು. ಕೊನೆಗೆ ಮಿಶೆಲಮೀನ್ ಔಷಧವಾಗಲಿಲ್ಲ. ನಾಯಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ವೈರಸ್ಸನ್ನು ತಡೆಯಲು ಬೇಕಾದ ಪ್ರಮಾಣಕ್ಕೂ ನರಮಂಡಲಕ್ಕೆ ವಿಷವಾಗುವ ಪ್ರಮಾಣಕ್ಕೂ ನಡುವಣ ಅಂತರ ತೀರ ಕಿರಿದೆಂದು ತಿಳಿದು ಮುಂದಿನ ಅಧ್ಯಯನವನ್ನು ಕೈಬಿಡಲಾಯಿತು. ಅದೇ ಬಳ್ಳಿಯಲ್ಲಿ ದೊರೆತ ಕೊರುಪೆನ್ಸಮೀನ್ ಎಂಬ ಕ್ಷಾರಾಭಗಳು ಮಲೇರಿಯಾದ ರೋಗಾಣುವಿನ ಮೇಲೆ ಪರಿಣಾಮ ತೋರಿಸಿದವು. ಜರ್ಮನಿಯ ಗೆರ್‌ಹಾರ್ಡ್ ಬ್ರಿಂಗ್‌ಮನ್ ಮತ್ತವರ ಸಹೋದ್ಯೋಗಿಗಳು ಈ ಜಾತಿಯ ಇತರ ಪ್ರಭೇದಗಳ ರಸಾಯನವನ್ನೂ ವಿಸ್ತಾರವಾಗಿ ಅಭ್ಯಸಿಸಿದರು. ಆ ಕೆಲಸದಲ್ಲಿ ನಮ್ಮ ಹೈನಿಯಾನಸ್ ಸಹ ಸೇರಿತ್ತು.

1993ರಲ್ಲಿ ಪ್ರಕಟವಾದ ವರ್ಣನೆ ಮಾತ್ರ ಹಾಗೆಯೇ ಉಳಿದಿದೆ. ಔಷಧದ ಭರವಸೆ ಹುಟ್ಟಿ ಅಡಗಿದರೂ, 2016ರಿಂದೀಚೆಗೆ ಕ್ಯಾಮರೂನಿನ ಆ ಪ್ರದೇಶ ಸಶಸ್ತ್ರ ಸಂಘರ್ಷಕ್ಕೆ ಸಿಲುಕಿ ಕಾಡಿನ ಕೆಲಸ ದುಸ್ತರವಾದರೂ, ಆ ಬಳ್ಳಿಯನ್ನು ಮತ್ತೆ ಗುರುತಿಸಬೇಕಾದವರು ತೆರೆಯುವುದು ಆ ಕೆಲವು ಪುಟಗಳನ್ನೇ, ಅವುಗಳೊಂದಿಗೆ ಒಣಮಾದರಿಯ ಹಾಳೆಯನ್ನೇ.